ಗಜ್ಜರಿಯೋ? ಕ್ಯಾರೆಟ್ಟೋ?

ಕ್ಯಾರೆಟ್ ಬೀಜ ಯಾವಾಗ ಹಾಕಬೇಕು ಅಂತ ಟೆರೇಸ್ ಗಾರ್ಡನ್ ಶುರು ಮಾಡಿದ ಗೆಳೆಯರು ಕೇಳ್ತಾನೇ ಇರ್ತಾರೆ. ನಾನು ತಿರುಗಿ ಕೇಳೋದು ಒಂದೇ ಪ್ರಶ್ನೆ: ನಿಮ್ಮ ಮನೇಲಿ ಅದನ್ನ ಏನಂತ ಕರೀತೀರಿ? ಹುಬ್ಬಳ್ಳಿ-ಧಾರವಾಡದ ಕಡೆಯವರು ಗಜ್ಜರಿ ಅಂತಾರೆ. ಬೆಂಗಳೂರು, ಮೈಸೂರಿನವರಿಗೆ ಅದು ಕ್ಯಾರೆಟ್ಟು. ಎರಡು ಹೆಸರು ಎರಡು ದಾರಿಯಲ್ಲಿ ಬಂದವು. ಆ ದಾರಿಗಳಲ್ಲಿ ಬಂದ ಬೀಜಗಳ ಸ್ವಭಾವವೂ ಬೇರೆ, ಬಿತ್ತೋ ಕಾಲವೂ ಬೇರೆ.

ಸುಮಾರು ಸಾವಿರ ವರ್ಷಗಳ ಹಿಂದೆ ಅಫ್ಘಾನಿಸ್ತಾನ, ಪರ್ಷಿಯಾ ಕಡೆ ಬೆಳೆಯುತ್ತಿದ್ದ ಗಜ್ಜರಿ ಕೇಸರಿ ಬಣ್ಣದ್ದಲ್ಲ, ನೇರಳೆ, ಹಳದಿ. ಅಲ್ಲಿಂದ ಒಂದು ಕವಲು ಪೂರ್ವಕ್ಕೆ, ನಮ್ಮ ಉತ್ತರ ಭಾರತಕ್ಕೆ ಬಂತು. ಉತ್ತರದವರ ಗಾಜರ್ ನಮ್ಮಲ್ಲಿ ಗಜ್ಜರಿ ಆಯ್ತು. ಚಳಿಗಾಲದಲ್ಲಿ ಹಲ್ವಾಕ್ಕೆ ತರ್ತೀವಲ್ಲ, ಉದ್ದನೆಯ ಕೆಂಪು ಗಜ್ಜರಿ, ಅದು ಈ ವಂಶದ್ದು. ಇನ್ನೊಂದು ಕವಲು ಪಶ್ಚಿಮಕ್ಕೆ ಹೋಗಿ ಯುರೋಪಿನ ಚಳಿಗೆ ಒಗ್ಗಿತು. ಕೇಸರಿ ಬಣ್ಣ 16-17ನೇ ಶತಮಾನದ ಹೊತ್ತಿಗೆ ಡಚ್ಚರ ಹೊಲಗಳಲ್ಲಿ ನೆಲೆಯಾಯಿತು. ಆರೆಂಜ್ ಮನೆತನದ ರಾಜನ ಗೌರವಕ್ಕೆ ಆ ಬಣ್ಣ ತಂದರು ಅನ್ನೋ ವಾಟ್ಸಾಪ್ ಕಥೆಗೆ ಪುರಾವೆ ಇಲ್ಲ, ಬಿಡಿ.

ಈ ಯುರೋಪಿನ ಕವಲು ನಮಗೆ ಸಿಕ್ಕಿದ್ದು ಇಂಗ್ಲಿಷರ ಜೊತೆ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ಶುರುವಾಯಿತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ನೀಲಗಿರಿ ಹತ್ತಿದ. ಮುಂದೆ ಊಟಿಯಲ್ಲಿ ಮನೆ ಕಟ್ಟಿಸಿ ಇಂಗ್ಲಿಷ್ ತರಕಾರಿ ಬೆಳೆಸಿದ. ದೊರೆಗಳ ಊಟದ ಮೇಜಿಗೆ ಬಂದ ಹೂಕೋಸು, ಸೀಮೆಬದನೆಗೆಲ್ಲ ಕನ್ನಡದ ಹೆಸರು ಸಿಕ್ಕಿತು. ಕ್ಯಾರೆಟ್ಟಿಗೆ ಮಾತ್ರ ದಕ್ಷಿಣದಲ್ಲಿ ಇಂಗ್ಲಿಷ್ ಹೆಸರೇ ಉಳಿಯಿತು.

ಆದರೆ ಈ ಕ್ಯಾರೆಟ್ಟಿಗೆ ಒಂದು ಹಟ ಇದೆ. ಅದು ಎರಡು ವರ್ಷದ ಗಿಡ. ಮೊದಲ ವರ್ಷ ಬೇರಿನಲ್ಲಿ ಆಹಾರ ಕೂಡಿಡುತ್ತೆ, ಆಮೇಲೆ ವಾರಗಟ್ಟಲೆ ಗಡಗಡ ಚಳಿ ಬೇಕು, ಆಗಷ್ಟೇ ಹೂ ಬಿಟ್ಟು ಬೀಜ ಕಟ್ಟೋದು. ನಾವು ಸ್ವೆಟರ್ ಹುಡುಕೋ ಬೆಂಗಳೂರಿನ ಡಿಸೆಂಬರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಗಜ್ಜರಿಗೆ ಅಷ್ಟು ಚಳಿ ಬೇಡ. ಬಯಲುಸೀಮೆಯ ರೈತ ಒಳ್ಳೆಯ ಗೆಡ್ಡೆ ಆರಿಸಿ, ತಲೆಭಾಗ ಮತ್ತೆ ನೆಟ್ಟು, ತನ್ನ ಬೀಜ ತಾನೇ ಮಾಡಿಕೊಳ್ಳಬಹುದು. ಕ್ಯಾರೆಟ್ ಬೆಳೆಯುವವನ ಕೈಯಲ್ಲಿ ಅದು ಆಗದ ಮಾತು. ಬೀಜ ಕಡಲಾಚೆಯಿಂದಲೇ ಬರಬೇಕಿತ್ತು.

ಎರಡನೇ ಮಹಾಯುದ್ಧದಲ್ಲಿ ಅದಕ್ಕೂ ಕುತ್ತು ಬಂತು. ಆಮದು ನಿಂತಾಗ ಸರ್ಕಾರ ಚಳಿ ಇರುವ ಜಾಗ ಹುಡುಕಿತು. 1942-43ರ ಸುಮಾರಿಗೆ ಕ್ವೆಟ್ಟಾ ಕಣಿವೆಯಲ್ಲಿ ತರಕಾರಿ ಬೀಜ ಬೆಳೆಸೋಕೆ ಶುರುವಾಯಿತು. ಐದು ವರ್ಷ ಕಳೆಯಲಿಲ್ಲ, ದೇಶ ಭಾಗವಾಯಿತು, ಕ್ವೆಟ್ಟಾ ಪಾಕಿಸ್ತಾನಕ್ಕೆ ಹೋಯಿತು. ವಿಭಜನೆಯಲ್ಲಿ ಕ್ಯಾರೆಟ್ ಬೀಜವನ್ನೂ ಕಳಕೊಂಡೆವು ಅಂತ ಶಾಲೆಯ ಪಾಠದಲ್ಲಿ ಯಾರು ಹೇಳ್ತಾರೆ! 1949ರಲ್ಲಿ ಹಿಮಾಚಲದ ಕುಲು ಕಣಿವೆಯ ಕಟ್ರಾಯಿನ್‌ನಲ್ಲಿ ಮತ್ತೆ ಮೊದಲಿಂದ ಕೆಲಸ ಶುರುವಾಯಿತು. ಪೂಸಾ ಯಮದಗ್ನಿ ಎಂಬ ಕ್ಯಾರೆಟ್ ತಳಿ ಅಲ್ಲಿಯದೇ. ಇತ್ತ ವಿಜ್ಞಾನಿಗಳು ದೇಸಿ ಕೆಂಪು ಗಜ್ಜರಿಯನ್ನು ಫ್ರೆಂಚ್ ಊರಿನ ಹೆಸರಿನ ನ್ಯಾಂಟಿಸ್ ಜೊತೆ ಕೂಡಿಸಿ ಪೂಸಾ ಕೇಸರ್ ಮಾಡಿದರು. ಮದುವೆ ಚೆನ್ನಾಗೇ ಆಯಿತು: ಬಯಲಿನಲ್ಲೇ ಬೀಜ ಕಟ್ಟುತ್ತೆ.

ಈಗ ಬಿತ್ತೋ ವಿಷಯ. ಉತ್ತರ ಕರ್ನಾಟಕದ ಸಂಕ್ರಾಂತಿ ಊಟ ನೆನೆಸಿಕೊಳ್ಳಿ: ಸಜ್ಜೆ ರೊಟ್ಟಿ, ಎಳ್ಳು, ಕಬ್ಬು, ಜೊತೆಗೆ ಹಸಿ ಗಜ್ಜರಿ. ಬೆಳೆಗೆ 90-100 ದಿನ ಬೇಕು. ಜನವರಿ 14ರಿಂದ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ 6ರಿಂದ 16 ಬರುತ್ತೆ. ಅಲ್ಲಿಗೆ ಹಬ್ಬವೇ ಕ್ಯಾಲೆಂಡರ್. ದೇಸಿ ತಳಿಯಾದರೆ ಆಗಸ್ಟ್ ಕೊನೆಯಿಂದಲೇ ಹಾಕಬಹುದು, ಸೆಖೆ ತಡೆಯುತ್ತೆ. ತೀರಾ ತಡ ಮಾಡಿದರೆ ಗೆಡ್ಡೆ ದಪ್ಪ ಆಗುವ ಮೊದಲೇ ಹೂವಿನ ದಂಟು ಏಳುತ್ತೆ, ನಡುವೆ ನಾರು.

ನ್ಯಾಂಟಿಸ್ ಥರದ್ದು ಇದ್ದರೆ ಬೆಂಗಳೂರಿನಲ್ಲಿ ಅಕ್ಟೋಬರ್ ನಡುವಿನಿಂದ ನವೆಂಬರ್ ಒಳ್ಳೇದು. ಗೆಡ್ಡೆಗೆ ಬಣ್ಣ, ರುಚಿ ಕೂಡೋದು 15-20 ಡಿಗ್ರಿಯ ಆಸುಪಾಸಿನಲ್ಲಿ. ಸೆಪ್ಟೆಂಬರ್‌ನ ಜೋರು ಮಳೆಗೆ ಆ ಸಣ್ಣ ಬೀಜ ಕೊಚ್ಚಿ ಹೋಗುತ್ತೆ. ಫೆಬ್ರವರಿಯಲ್ಲಿ ಹಾಕಿದರೆ ಏಪ್ರಿಲ್ ಬಿಸಿಲಿಗೆ ಮೋಟು, ಬಿಳಚು ಗೆಡ್ಡೆ. ಜಪಾನ್ ಮೂಲದ ಕುರೋಡಾ ಸೆಖೆಯಲ್ಲಿ ಸ್ವಲ್ಪ ಹೊಂದಿಕೊಳ್ಳುತ್ತೆ. ಅದಕ್ಕೇ ಪ್ಯಾಕೆಟ್ ಮೇಲಿನ ಫೋಟೋ ಬಿಟ್ಟು ತಳಿಯ ಹೆಸರು ಓದಿ.

ಬೀಜಕ್ಕೆ ಮರಳು ಬೆರೆಸಿ ತೆಳ್ಳಗೆ ಸಾಲು ಹಾಕಿ. ಸಸಿ ಮಾಡಿ ಕಿತ್ತು ನೆಡಬೇಡಿ, ಬೇರು ಕವಲೊಡೆಯುತ್ತೆ. ಮೊಳಕೆಗೆ ಹತ್ತು ಹದಿನೈದು ದಿನ ಆದೀತು, ಅಲ್ಲಿವರೆಗೂ ಮೇಲ್ಮಣ್ಣು ಒಣಗಬಾರದು.