ಬೊಂಬೆ ಮೆಟ್ಟಿಲ ಮೇಲಿನ ಚನ್ನಪಟ್ಟಣ

ದಸರೆ ಬಂತೆಂದರೆ ಬೆಂಗಳೂರಿನ ಎನ್.ಆರ್. ಕಾಲೋನಿ, ಬಸವನಗುಡಿಗಳ ಹಲವು ಮನೆಗಳಲ್ಲಿ ಅಟ್ಟದ ಟ್ರಂಕು ಕೆಳಗಿಳಿಯುತ್ತದೆ. ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ ಬೊಂಬೆಗಳು ಹೊರಬರುತ್ತವೆ. ಮೆಟ್ಟಿಲುಗಳ ಮೇಲುಗಡೆ ಪಟ್ಟದ ರಾಜ-ರಾಣಿ. ಮಗಳ ಮದುವೆಯಲ್ಲಿ ತವರಿನವರು ಕೊಡುವ ಮರದ ಜೋಡಿಯಿದು. ಕೆಳಗೆ ದೇವರುಗಳು, ಮದುವೆ ದಿಬ್ಬಣ, ಶೆಟ್ಟರ ಅಂಗಡಿ. ಸಂಜೆ "ಬೊಂಬೆ ಕೂರಿಸಿದ್ದೀರಾ?" ಎಂದು ಬರುವ ಮಕ್ಕಳ ಕೈಗೆ ತಿಂಡಿ.

ಹಬ್ಬ ಮುಗಿದ ಮೇಲೂ ಟ್ರಂಕು ಸೇರದೆ ಹಜಾರದ ಷೋಕೇಸಿನಲ್ಲಿ ವರ್ಷವಿಡೀ ನಿಲ್ಲುವ ಬೊಂಬೆಗಳೂ ಇವೆ. ಕೆಂಪು, ಹಳದಿ, ಹಸಿರು ಬಣ್ಣದಲ್ಲಿ ಹೊಳೆಯುವ ಈ ಮರದ ಬೊಂಬೆಗಳ ಊರು ಮೈಸೂರು ರಸ್ತೆಯಲ್ಲಿ ಸುಮಾರು 60 ಕಿ.ಮೀ. ದೂರದ ಚನ್ನಪಟ್ಟಣ.

ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಈ ಕಸುಬು ಕಲಿಸಿದನೆಂಬುದು ತಲೆಮಾರುಗಳಿಂದ ಬಂದ ಪ್ರತೀತಿ. ಮುಂದೆ ಬಾವಾಸ್ ಮಿಯಾನ್ ಜಪಾನಿನ ತಂತ್ರವನ್ನು ಅಳವಡಿಸಿ ಕಸುಬಿಗೆ ಹೊಸ ಜೀವ ಕೊಟ್ಟರು. ಅವರನ್ನು ಚನ್ನಪಟ್ಟಣದ ಬೊಂಬೆಗಳ ಪಿತಾಮಹ ಎಂದೇ ಕರೆಯುತ್ತಾರೆ.

ಕೆಲಸ ನೋಡಲು ಸರಳ. ಒಣಗಿಸಿದ ಹಾಲೆ ಮರದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಿಂದ ಆಕಾರ ಕೊಡುತ್ತಾರೆ. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೊನೆಗೆ ತಾಳೆಗರಿಯಿಂದ ತಿಕ್ಕಿದರೆ ಹೊಳಪು. ಕೈ ತುಸು ತಪ್ಪಿದರೂ ಬೊಂಬೆ ಕೆಟ್ಟಂತೆಯೇ. ಈ ಕಸುಬಿನಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂಗಳೂ ಇದ್ದಾರೆ, ಹೆಣ್ಣುಮಕ್ಕಳೂ ಇದ್ದಾರೆ.

ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಪೇಟೆ ತುಂಬಿದಾಗ ಎಷ್ಟೋ ಮಂದಿ ಕಸುಬು ಬಿಟ್ಟರು. 2005-06ರಲ್ಲಿ ಸಿಕ್ಕ ಭೌಗೋಳಿಕ ಸೂಚಕದ ಮಾನ್ಯತೆ ಊರಿನ ಹೆಸರನ್ನು ಕಾಯಿತು. ಆದರೆ ಮಾಡಿದವರ ಹೆಸರು ಇಂದಿಗೂ ಬೊಂಬೆಯ ಮೇಲಿರುವುದಿಲ್ಲ.

2022ರಲ್ಲಿ ರಾಜ್ಯದ ಕೆಲವು ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಯಾರ ಕೈಯಿಂದ ಏನು ಕೊಳ್ಳಬೇಕು ಎಂಬ ಲೆಕ್ಕ ಬೀದಿಗೆ ಬಂತು. ಆದರೆ ಮನೆಯೊಳಗಿನ ಬೊಂಬೆ ಮೆಟ್ಟಿಲಿಗೆ ಈ ಲೆಕ್ಕ ತಿಳಿಯದು. ಚನ್ನಪಟ್ಟಣದ ಒಬ್ಬ ಮಿಯಾ ಕಡೆದ ಬೊಂಬೆ ಅಲ್ಲಿ ದೇವರ ಪಕ್ಕದಲ್ಲೇ ಕುಳಿತಿದೆ, ಆರತಿಯ ಬೆಳಕೂ ಅದರ ಮೇಲೆ ಬಿದ್ದಿದೆ.

ನಮ್ಮ ನಾಡಿನ ಚರಿತ್ರೆ ಕೋಟೆ, ಶಾಸನಗಳಲ್ಲಿ ಮಾತ್ರ ಇಲ್ಲ, ಷೋಕೇಸಿನಲ್ಲೂ ಇದೆ. ಮುಂದಿನ ದಸರೆಗೆ ಬೊಂಬೆಯ ಧೂಳು ಒರೆಸುವಾಗ, ಇದನ್ನು ಮಾಡಿದವರು ಯಾರೆಂದು ಮಕ್ಕಳಿಗೆ ಒಂದು ಮಾತು ಹೇಳಿದರೆ ಸಾಕು.