ಕಲಾಯಿಯಿಂದ ಬಾಯ್ಲರಿನ ಕೊಳವೆಯವರೆಗೆ

ನಮ್ಮ ಕಾಸರಗೋಡಿನ ಹಳೆಯ ಮನೆಗಳ ಅಂಗಳಕ್ಕೆ ಹಿಂದೆ ಕಲಾಯಿ ಹಾಕುವವರು ಬರುತ್ತಿದ್ದರು. ತಾಮ್ರ, ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರದ ತೆಳುವಾದ ಲೇಪ ಕೊಡುತ್ತಿದ್ದರು. ಬೆಂಕಿಯನ್ನು ತಾಳುವುದು ತಾಮ್ರ, ಹುಳಿಯನ್ನು ತಾಳುವುದು ತವರ. ಇದೇ ಉಪಾಯ ದೊಡ್ಡ ಬಾಯ್ಲರುಗಳಿಗೂ ಬಂದ ಕತೆಯನ್ನು ಇಂದು ನೋಡೋಣ.

ಬಾಯ್ಲರು ನಮ್ಮೂರಿಗೆ ಹೊಸತಲ್ಲ. 1907ರಲ್ಲಿ ಮಂಗಳೂರು ಮುಟ್ಟಿದ ರೈಲುದಾರಿ ಕಾಸರಗೋಡಿನ ಮೂಲಕವೇ ಹೋಯಿತು. ಉಗಿಬಂಡಿಯ ಬಾಯ್ಲರಿನಲ್ಲಿ ಕೊಳವೆಯೊಳಗೆ ಬಿಸಿ ಹೊಗೆ, ಹೊರಗೆ ನೀರು. ಸ್ಟೀಫನ್‌ಸನ್ನರ 1829ರ 'ರಾಕೆಟ್' ಬಂಡಿಯಲ್ಲಿ ಇಂಥ 25 ತಾಮ್ರದ ಕೊಳವೆಗಳಿದ್ದವು. ಅಮೆರಿಕದ ಬ್ಯಾಬ್‌ಕಾಕ್ ಮತ್ತು ವಿಲ್ಕಾಕ್ಸ್ 1867ರಲ್ಲಿ ಪೇಟೆಂಟ್ ಪಡೆದ ಬಾಯ್ಲರಿನಲ್ಲಿ ಇದು ತಿರುವುಮುರುವು: ನೀರು ಒಳಗೆ, ಬೆಂಕಿ ಹೊರಗೆ. 1985ರಲ್ಲಿ ಮೊದಲ ಘಟಕ ಆರಂಭವಾದ ರಾಯಚೂರಿನ ಶಾಖೋತ್ಪನ್ನ ಸ್ಥಾವರವೂ ಈ ಬಗೆಯದೇ. ಅಲ್ಲಿ ಕುಲುಮೆಯ ಗೋಡೆಯೆಂದರೆ ಸಾಲಾಗಿ ನಿಂತ ಉಕ್ಕಿನ ಕೊಳವೆಗಳು. ಅದರಲ್ಲಿ ಒಂದು ತೂತಾದರೂ 210 ಮೆಗಾವಾಟಿನ ಘಟಕವನ್ನೇ ನಿಲ್ಲಿಸಬೇಕಾಗುತ್ತದೆ.

ನಷ್ಟ ಹಣದ್ದು ಮಾತ್ರವಲ್ಲ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರು ಸಿಡಿದು ಜನ ಸತ್ತರು. ಮರುವರ್ಷವೇ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. ದೇಶಕ್ಕೆಲ್ಲ ಒಂದೇ ಎನ್ನುವ ಕಾಯ್ದೆ 1923ರಲ್ಲಿ ಬಂತು. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ.

ಹಾಗಾದರೆ ಉಕ್ಕನ್ನು ತಿನ್ನುವುದು ಯಾವುದು? ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಬೂದಿ ಹೆಚ್ಚು. ಹಾರುವ ಬೂದಿ ಮರಳುಕಾಗದದಂತೆ ಕೊಳವೆಯನ್ನು ಉಜ್ಜುತ್ತದೆ. ಗಂಧಕ ಹೆಚ್ಚಿರುವ ಕಲ್ಲಿದ್ದಲಿನ ಕಷ್ಟ ಬೇರೆ. ಅಮೆರಿಕದಲ್ಲಿ 1990ರ ವಾಯುಮಾಲಿನ್ಯ ಕಾನೂನಿನ ನಂತರ ಬೆಂಕಿಗೆ ಮೊದಲ ಹಂತದಲ್ಲಿ ಗಾಳಿ ಕಡಿಮೆ ಕೊಡುವ ಪದ್ಧತಿ ಹರಡಿತು. ವಿಷಾನಿಲ ತಗ್ಗಿತು ನಿಜ, ಆದರೆ ಗೋಡೆಯ ಬಳಿ ಹೈಡ್ರೋಜನ್ ಸಲ್ಫೈಡ್ ಹೆಚ್ಚಿ ಕೊಳವೆಗಳು ಬೇಗ ಸವೆಯತೊಡಗಿದವು. ಕಸ ಸುಡುವ ಬಾಯ್ಲರುಗಳಲ್ಲಿ ಪ್ಲಾಸ್ಟಿಕ್ಕಿನ ಕ್ಲೋರಿನ್ನೇ ಶತ್ರು.

ಇಲ್ಲಿಯೇ ನಮ್ಮ ಕಲಾಯಿಯ ಉಪಾಯ ನೆನಪಾಗುವುದು. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ 'ಇಂಕೊನೆಲ್ 625' ಎಂಬ ಮಿಶ್ರಲೋಹವನ್ನು ಕೊಳವೆಯ ಬೆಂಕಿಯ ಬದಿಗೆ ಸುಮಾರು ಎರಡು ಮಿಲಿಮೀಟರ್ ದಪ್ಪಕ್ಕೆ ಬೆಸುಗೆಯಿಂದಲೇ ಹೊದಿಸುತ್ತಾರೆ. ಒತ್ತಡ ತಾಳುವುದು ಒಳಗಿನ ಉಕ್ಕು, ಕೊರೆತ ತಾಳುವುದು ಮೇಲಿನ ಪದರ. ಬಣ್ಣದಂತೆ ಇದು ಸುಲಿದು ಹೋಗದು, ಏಕೆಂದರೆ ಎರಡೂ ಲೋಹಗಳು ಕರಗಿ ಒಂದಾಗಿರುತ್ತವೆ. ಆದರೆ ಉಕ್ಕು ಹೆಚ್ಚು ಕರಗಿದರೆ ಪದರದಲ್ಲಿ ಕಬ್ಬಿಣ ಬೆರೆತು ಅದರ ಗುಣ ಕೆಡುತ್ತದೆ. ಶಾಖ ಹೆಚ್ಚಿದರೆ ಗೋಡೆಯೇ ಡೊಂಕಾಗುತ್ತದೆ. ಸಾವಿರಾರು ಸಾಲುಗಳನ್ನು ಒಂದೇ ಹದದಲ್ಲಿ ಎಳೆಯುವುದು ಮನುಷ್ಯನ ಕೈಗೆ ಕಷ್ಟ. ಆದ್ದರಿಂದ ಗೋಡೆಗೆ ಹಳಿ ಕಟ್ಟಿ, ಅದರ ಮೇಲೆ ಬೆಸುಗೆಯ ಯಂತ್ರವನ್ನು ಓಡಿಸುತ್ತಾರೆ. ತಂತಿಯ ವೇಗ, ವಿದ್ಯುತ್ತು, ಸಾಲುಗಳ ಅಂತರ ಎಲ್ಲವೂ ಮೊದಲೇ ಗೊತ್ತುಮಾಡಿದ್ದು.

ಕರ್ನಾಟಕದಲ್ಲಿಯೂ ಬೆಂಗಳೂರಿನ ಕಸದಿಂದ ವಿದ್ಯುತ್ ಮಾಡಲು ಬಿಡದಿಯಲ್ಲಿ 11.5 ಮೆಗಾವಾಟಿನ ಸ್ಥಾವರ ಕಟ್ಟಲಾಗಿದೆ. ಕಸದ ಬೆಂಕಿ ಎಲ್ಲಿದೆಯೋ ಅಲ್ಲಿ ಕೊಳವೆಯ ಚಿಂತೆಯೂ ಇದ್ದೇ ಇದೆ.

ನಮ್ಮ ಗಡಿನಾಡಿನ ಎಷ್ಟೋ ಹುಡುಗರು ಐಟಿಐ ಮುಗಿಸಿ ಬೆಸುಗೆಯ ಕೆಲಸಕ್ಕೆ ಊರು ಬಿಟ್ಟು ಹೋಗುತ್ತಾರೆ. ಯಂತ್ರ ಬಂದರೂ ಅದನ್ನು ಹದಕ್ಕೆ ತರುವುದು, ಪದರದ ದಪ್ಪ ಅಳೆಯುವುದು, ಬಿರುಕು ಹುಡುಕುವುದು ಮನುಷ್ಯರೇ. ಆದರೆ ಈ ವಿದ್ಯೆ ನಮ್ಮ ಕನ್ನಡ ಪಾಠಗಳಲ್ಲಿ ಸಿಗುವುದು ಅಪರೂಪ. ನಾವಂತೂ ತರಗತಿಯಲ್ಲಿ ಇದನ್ನು 'ಬೆಸುಗೆಯ ಹೊದಿಕೆ' ಎನ್ನುತ್ತೇವೆ. ಅಜ್ಜಿಯ ಮನೆಯ ಕಲಾಯಿ ಪಾತ್ರೆಯನ್ನು ಕಂಡ ಮಗುವಿಗೆ ಉಳಿದದ್ದನ್ನು ವಿವರಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.