ಪಿಗ್ಮಿ ಖಾತೆಯಂಥ ಬ್ಯಾಟರಿ

ಬೆಂಗಳೂರಲ್ಲಿ ಈಗ ವ್ಯಾನನ್ನೇ ಮನೆ ಮಾಡಿಕೊಂಡು ತಿರುಗೋದು ಒಂದು ಖಯಾಲಿ. ಲ್ಯಾಪ್‌ಟಾಪ್, ಪುಟ್ಟ ಫ್ರಿಜ್ಜು, ಫ್ಯಾನು, ಟಾಪಿನ ಮೇಲೆ ನಾಲ್ಕು ನೂರು ವಾಟ್‌ನ ಸೋಲಾರ್ ಪ್ಯಾನೆಲ್, ಸೀಟಿನಡಿ ಬ್ಯಾಟರಿ. ರಾತ್ರಿ ಹತ್ತಕ್ಕೆ ಮೊಬೈಲ್ ತೆಗೆದು ‘ಇನ್ನೂ ಶೇ. 62 ಉಂಟು’ ಅಂತ ನೋಡಿ ಮಲಗುತ್ತಾರೆ. ಇದೇನೋ ಹೊಸ ವಿದ್ಯೆ ಅನ್ನೋ ಧಾಟಿಯಲ್ಲಿ ಅವರು ಮಾತಾಡೋದು ಕೇಳಿದರೆ ನನಗೆ ಸಣ್ಣ ನಗು ಬರುತ್ತದೆ. ನಮ್ಮ ಬೆಳ್ತಂಗಡಿ ತಾಲೂಕಿನ ಹೆಂಗಸರು ಈ ವಿದ್ಯೆಯಲ್ಲಿ ಪಳಗಿ ಇಪ್ಪತ್ತೈದು ವರ್ಷ ಆಯ್ತು ಮಾರಾಯ್ರೆ.

ನನ್ನೂರು ಲಾಯಿಲ. ಬೆಳ್ತಂಗಡಿ ಪೇಟೆಗೆ ತಾಗಿಕೊಂಡೇ ಇರುವುದರಿಂದ ನಮಗೆ ಕರೆಂಟು ಬೇಗ ಬಂದಿತ್ತು. ಚಾರ್ಮಾಡಿ ಕಡೆಯ ಘಟ್ಟದ ಬುಡದಲ್ಲಿದ್ದ ನೆಂಟರ ಮನೆಗಳಿಗೆ ಬಂದಿರಲಿಲ್ಲ. ನಮ್ಮ ಕರಾವಳಿಯಲ್ಲಿ ಊರು ಅಂದರೆ ಒತ್ತೊತ್ತಾಗಿ ಸಾಲು ಮನೆಗಳಲ್ಲ. ಒಂದು ತೋಟ, ಒಂದು ಮನೆ, ಮತ್ತೆ ಒಂದು ಗುಡ್ಡ. ಒಂದು ಮನೆಗಾಗಿ ಹದಿನೈದು ಕಂಬ ಯಾರು ನೆಡುತ್ತಾರೆ? ಹಾಗಾಗಿ ಅಲ್ಲಿಗೆ ವಿದ್ಯುತ್ತು ಮೊದಲು ಹೋದದ್ದು ತಂತಿಯಲ್ಲಿ ಅಲ್ಲ, ಹೆಗಲ ಮೇಲೆ. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಶುರುವಾಯಿತಲ್ಲ, ಆಗ ಚಿಕ್ಕಮ್ಮನ ಮನೆಯ ಕಪ್ಪು-ಬಿಳುಪು ಟೀವಿ ಓಡುತ್ತಿದ್ದದ್ದು ಲಾರಿ ಬ್ಯಾಟರಿಯಲ್ಲಿ. ಶನಿವಾರ ಜೀಪಿನಲ್ಲಿ ಪೇಟೆಗೆ ಬಂದು ಚಾರ್ಜಿಗೆ ಕೂತು, ಸಂಜೆಗೆ ತಿರುಗಿ ಹೋಗುತ್ತಿತ್ತು. ಅದರ ಆಸಿಡ್ ಸೋರಿ ಚಿಕ್ಕಪ್ಪನ ಎಷ್ಟೋ ಲುಂಗಿ ತೂತು ಬಿದ್ದಿದ್ದವು.

ಆ ಲಾರಿ ಬ್ಯಾಟರಿ ವರ್ಷ ತುಂಬುವುದರೊಳಗೆ ಸಾಯುತ್ತಿತ್ತು. ಕಾರಣ ಸರಳ. ಎಂಜಿನ್ ಎಬ್ಬಿಸುವ ಬ್ಯಾಟರಿಯ ಸೀಸದ ಫಲಕಗಳು ತೆಳು, ಸಂಖ್ಯೆಯಲ್ಲಿ ಜಾಸ್ತಿ. ಕೆಲವೇ ಸೆಕೆಂಡು ರಭಸದಿಂದ ಶಕ್ತಿ ಕೊಟ್ಟು ಮತ್ತೆ ತುಂಬಿಕೊಳ್ಳುವುದು ಅದರ ಜಾಯಮಾನ. ನಿಧಾನವಾಗಿ ಗಂಟೆಗಟ್ಟಲೆ ಖಾಲಿ ಮಾಡಿದರೆ ತಡೆಯುವುದಿಲ್ಲ. ದಪ್ಪ ಫಲಕದ, ತಾಳ್ಮೆಯ ಬ್ಯಾಟರಿಯೇ ಬೇರೆ. ಇಂಗ್ಲೆಂಡಿನ ಕ್ಯಾರವಾನ್ ಜನ ಇದನ್ನು ‘ಲೀಷರ್ ಬ್ಯಾಟರಿ’ ಅನ್ನುತ್ತಾರೆ, ವಿರಾಮದ ಬ್ಯಾಟರಿ! ಅವರದ್ದು ಹಳೇ ಶೋಕಿ. 1885ರಲ್ಲೇ ಗೋರ್ಡನ್ ಸ್ಟೇಬಲ್ಸ್ ಅನ್ನೋ ಡಾಕ್ಟರು ‘ದಿ ವಾಂಡರರ್’ ಎಂಬ ಕುದುರೆ ಎಳೆಯುವ ಮನೆಗಾಡಿ ಮಾಡಿಸಿಕೊಂಡು ವಿಹಾರಕ್ಕೆ ಹೊರಟಿದ್ದರು. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಅದಕ್ಕೂ ಮೊದಲೇ, 1859ರಲ್ಲಿ, ಮಾಡಿಟ್ಟಿದ್ದ. ಸೂರ್ಯನಿಂದ ಅದನ್ನು ತುಂಬಿಸುವ ಸಿಲಿಕಾನ್ ಕೋಶ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು 1954ರಲ್ಲಿ. ಬಿದ್ದ ಬೆಳಕಿನ ಶೇ. 6ರಷ್ಟನ್ನು ಮಾತ್ರ ವಿದ್ಯುತ್ತು ಮಾಡುತ್ತಿತ್ತು. ನಾಲ್ಕೇ ವರ್ಷದಲ್ಲಿ ಅದು ವ್ಯಾನ್‌ಗಾರ್ಡ್ ಉಪಗ್ರಹವೇರಿ ಆಕಾಶಕ್ಕೆ ಹೋಯಿತು. ಆಕಾಶದಿಂದ ಚಾರ್ಮಾಡಿಗೆ ಇಳಿಯಲು ಮಾತ್ರ ನಾಲ್ಕು ದಶಕ ಬೇಕಾಯಿತು.

ಇಳಿಸಿದವರಲ್ಲಿ ಮುಖ್ಯರು ಹರೀಶ್ ಹಂದೆ. ಖರಗಪುರದ ಐಐಟಿ, ಆಮೇಲೆ ಅಮೆರಿಕದಲ್ಲಿ ಪಿಎಚ್‌ಡಿ. 1995ರಲ್ಲಿ ನೆವಿಲ್ ವಿಲಿಯಮ್ಸ್ ಜೊತೆ ಸೆಲ್ಕೋ ಶುರು ಮಾಡಿದರು. ಬಡವರಿಗೆ ಸೋಲಾರ್ ಕೊಳ್ಳುವ ತಾಕತ್ತಿಲ್ಲ, ಬಡವರಿಗೆ ಅದನ್ನು ನೋಡಿಕೊಳ್ಳಲು ಬರುವುದಿಲ್ಲ, ಸಮಾಜದ ಕೆಲಸವನ್ನು ವ್ಯಾಪಾರವಾಗಿ ನಡೆಸಲಾಗದು ಎಂಬ ಮೂರು ನಂಬಿಕೆಗಳನ್ನು ಸುಳ್ಳು ಮಾಡುವುದೇ ತಮ್ಮ ಗುರಿ ಅಂತ ಅವರು ಹೇಳುತ್ತಾ ಬಂದಿದ್ದಾರೆ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪತ್ರಿಕೆಗಳು ಬರೆದದ್ದು ಹೆಚ್ಚಾಗಿ ಮೊದಲನೆಯದರ ಬಗ್ಗೆ. ನನಗೆ ಎರಡನೆಯದ್ದೇ ಹೆಚ್ಚು ಕುತೂಹಲ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಮಂಗಳೂರಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಎರಡೂ 2003ರಿಂದ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಬಡ್ಡಿ ನೆರವಿನೊಂದಿಗೆ ಸೋಲಾರ್ ಸಾಲ ಕೊಟ್ಟವು. ನಮ್ಮ ತಾಲೂಕಿನಲ್ಲಿ ಇನ್ನೂ ಒಳಗೊಳಗೆ ತಲುಪಿದ್ದು 1982ರಲ್ಲಿ ಶುರುವಾಗಿದ್ದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ. ಸ್ವಸಹಾಯ ಸಂಘ, ಪ್ರಗತಿಬಂಧು ತಂಡಗಳ ಮೂಲಕ ವಾರದ ಕಂತು. ಈ ಕೆಲಸಕ್ಕೇ 2012ರಲ್ಲಿ ಅದಕ್ಕೆ ಲಂಡನ್ನಿನ ಆಶ್ಡೆನ್ ಪ್ರಶಸ್ತಿ ಸಿಕ್ಕಿತು.

ಆದರೆ ಸಾಲದಲ್ಲಿ ಒಂದು ಗಂಟು ಉಂಟು. ಕಂತು ವರ್ಷಗಟ್ಟಲೆ ಕಟ್ಟಬೇಕು. ಪ್ಯಾನೆಲ್ ಇಪ್ಪತ್ತು ವರ್ಷ ಬಾಳುತ್ತದೆ ಬಿಡಿ. ಬ್ಯಾಟರಿ ಬಾಳುವುದು ನೋಡಿಕೊಂಡ ಹಾಗೆ. ಎರಡನೇ ಮಳೆಗಾಲಕ್ಕೇ ಅದು ಸತ್ತರೆ ಮನೆ ಚಿಮಣಿ ದೀಪಕ್ಕೆ ವಾಪಸ್, ಕಂತು ಮಾತ್ರ ಹಾಗೇ. ವ್ಯಾನಿನಲ್ಲಿ ಬ್ಯಾಟರಿ ಹೋದರೆ ಐಸ್‌ಕ್ರೀಂ ಕರಗುತ್ತದೆ ಅಷ್ಟೆ. ಇಲ್ಲಿ ಪ್ರತಿ ವಾರ ಸಂಘದಲ್ಲಿ ಕೂತು, ಉರಿಯದ ದೀಪಕ್ಕೆ ದುಡ್ಡು ಎಣಿಸಬೇಕು.

ಮಳೆಗಾಲದ ಲೆಕ್ಕ ನೋಡಿ. ಆಗಿನ ಸಾಮಾನ್ಯ ಮನೆಯಲ್ಲಿ 40 ವಾಟ್‌ನ ಪ್ಯಾನೆಲ್, 7 ವಾಟ್‌ನ ನಾಲ್ಕು ಸಿಎಫ್‌ಎಲ್ ದೀಪ, 12 ವೋಲ್ಟ್‌ನ 60 ಆಂಪಿಯರ್-ಅವರ್ ಬ್ಯಾಟರಿ ಅಂತಿಟ್ಟುಕೊಳ್ಳಿ. ಬೇಸಗೆಯಲ್ಲಿ ನಾಲ್ಕೂವರೆ ಗಂಟೆ ಒಳ್ಳೆ ಬಿಸಿಲು ಅಂದರೆ 180 ವಾಟ್-ಅವರ್. ದಾರಿಯಲ್ಲಿ ಕಾಲು ಭಾಗ ಸೋರಿದರೂ 135 ಉಳಿಯಿತು. ನಾಲ್ಕೂ ದೀಪ ನಾಲ್ಕು ಗಂಟೆ ಉರಿದರೆ ಖರ್ಚು 112. ಸುಖ. ಜೂನಿನಲ್ಲಿ ಮೋಡ ಕವಿದು ಗಳಿಕೆ ಅರ್ಧವಾಗಲಿ: 67. ದಿನಾ 45 ಸಾಲ. ಬ್ಯಾಟರಿಯಲ್ಲಿ ಒಟ್ಟು 720 ಇದ್ದರೂ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ಎಂಟು ದಿನದ ಗಂಟು. ನಮ್ಮ ಮಳೆ ಎಂಟು ದಿನದ್ದಾ? ನಾಲ್ಕು ತಿಂಗಳದ್ದು! ಅದೂ ಅಡಿಕೆ ಮರದ ನೆರಳು ಬೀಳದಿದ್ದರೆ.

ಹೆಂಗಸರು ಇದನ್ನು ವಾಟ್-ಅವರ್‌ನಲ್ಲಿ ಲೆಕ್ಕ ಹಾಕಲಿಲ್ಲ. ಸಿಂಡಿಕೇಟ್ ಬ್ಯಾಂಕು 1928ರಿಂದ ಮನೆಮನೆಗೆ ಏಜೆಂಟರನ್ನು ಕಳಿಸಿ ಎರಡಾಣೆಯ ಪಿಗ್ಮಿ ಕಟ್ಟಿಸಿಕೊಂಡ ಸೀಮೆ ನಮ್ಮದು. ದಿನಾ ಹಾಕಬೇಕು, ಹಾಕಿದ್ದಕ್ಕಿಂತ ಜಾಸ್ತಿ ತೆಗೆಯಬಾರದು ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆಟಿ ತಿಂಗಳಲ್ಲಿ ಚಿಕ್ಕಮ್ಮ ಉರಿಸುತ್ತಿದ್ದದ್ದು ಎರಡೇ ದೀಪ: ಅಡುಗೆಮನೆಯದ್ದು, ಮಕ್ಕಳು ಓದುವ ಕೋಣೆಯದ್ದು. ಎರಡು ದೀಪ, ನಾಲ್ಕು ಗಂಟೆ, 56. ಗಳಿಕೆಯೊಳಗೇ ಆಯ್ತಲ್ಲ! ಚಾವಡಿಯಲ್ಲಿ ಕತ್ತಲೆಗೆ ಕೂತ ಚಿಕ್ಕಪ್ಪ ಗೊಣಗುತ್ತಿದ್ದರು, ಅದು ಬೇರೆ ವಿಷಯ.

ಗೋಡೆಯ ಮೇಲಿನ ಪುಟ್ಟ ಕಂಟ್ರೋಲರ್ ಡಬ್ಬಿಯಲ್ಲಿ ಹಸಿರು, ಕೆಂಪು ಬತ್ತಿ. ಕೆಂಪು ಬಂದ ಮೇಲೆ ಅದು ತಾನಾಗಿಯೇ ದೀಪ ಕಡಿದುಹಾಕುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ಕೆಲವು ಗಂಡಸರು ಡಬ್ಬಿ ಬಿಟ್ಟು ನೇರ ಬ್ಯಾಟರಿಗೇ ವಯರು ಸಿಕ್ಕಿಸುತ್ತಿದ್ದರು. ಮಾರನೇ ದಿನದ ಕ್ರಿಕೆಟ್ ಮ್ಯಾಚಿಗೇನೋ ಅನುಕೂಲ; ಬ್ಯಾಟರಿಯ ಆಯುಸ್ಸಿಗೆ ಕತ್ತರಿ. ಖಾಲಿ ಹೊಟ್ಟೆಯಲ್ಲಿ ಬಿಟ್ಟ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಗಟ್ಟಿಯಾದ ಹರಳು ಮತ್ತೆ ಕರಗುವುದಿಲ್ಲ.

ಇನ್ನೊಂದು ಕೆಲಸ ನೀರು. ಬಾವಿ ನೀರಲ್ಲ, ಡಿಸ್ಟಿಲ್ಡ್ ವಾಟರ್. ಬಾಟಲಿ ಪೇಟೆಯಿಂದ ತರಬೇಕು, ಆಸಿಡ್ಡಿನ ಮಟ್ಟ ಗೆರೆಯ ಕೆಳಗೆ ಇಳಿಯದಂತೆ ತುಂಬಬೇಕು. ಸರ್ವಿಸಿಗೆ ಬರುವ ಹುಡುಗ ಹೈಡ್ರೋಮೀಟರ್ ಅದ್ದಿ ಆಸಿಡ್ಡಿನ ಸಾಂದ್ರತೆ ನೋಡುತ್ತಿದ್ದ, ಮೀಟರ್ ಹಿಡಿದು ವೋಲ್ಟೇಜ್ ನೋಡುತ್ತಿದ್ದ. ದೀಪ, ಚಾರ್ಜು ಎರಡೂ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟಾಗ 12.7 ಇದ್ದರೆ ಭರ್ತಿ, 12.2ರ ಹತ್ತಿರ ಅರ್ಧ, 11.8 ಅಂದರೆ ದೇವರೇ ಗತಿ. ನನ್ನ ಪ್ರಕಾರ ಈ ಇಡೀ ಕಥೆಯ ನಾಯಕ ಪ್ಯಾನೆಲ್ ಅಲ್ಲ, ಬೈಕಿನಲ್ಲಿ ಬರುತ್ತಿದ್ದ ಈ ಹುಡುಗ. ಪುಕ್ಕಟೆ ಹಂಚಿದ ಸೋಲಾರ್ ಲಾಟೀನುಗಳು ಅಟ್ಟ ಸೇರಿದ್ದನ್ನು ನಾನೇ ಕಂಡಿದ್ದೇನೆ. ಅವುಗಳ ಹಿಂದೆ ಬೈಕು ಬರಲಿಲ್ಲ.

ವ್ಯಾನಿನವರಿಗೆ ಈಗ ಲಿಥಿಯಂ ಐರನ್ ಫಾಸ್ಫೇಟ್ ಬಂದಿದೆ. ಇದರ ಬೇರು 1990ರ ದಶಕದ ಟೆಕ್ಸಾಸ್‌ನಲ್ಲಿ, 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡ್‌ಇನಫ್ ಅವರ ಪ್ರಯೋಗಾಲಯದಲ್ಲಿದೆ. ನೀರು ಬೇಡ, ಹೆಚ್ಚು ಇಳಿಸಿದರೂ ಕೊರಗುವುದಿಲ್ಲ. ಆದರೆ ಅದರ ವೋಲ್ಟೇಜ್ ಹೆಚ್ಚುಕಡಿಮೆ ಕೊನೆತನಕ ಒಂದೇ ಸಮ ನಿಂತು, ಆಮೇಲೆ ಧೊಪ್ಪನೆ ಬೀಳುತ್ತದೆ. ಸರ್ವಿಸ್ ಹುಡುಗನ ಮೀಟರ್ ಇಲ್ಲಿ ನಡೆಯದು. ಒಳಗೆ ಹೋದ, ಹೊರಗೆ ಬಂದ ಒಂದೊಂದು ಆಂಪಿಯರನ್ನೂ ಎಣಿಸುವ ಶಂಟ್ ಬೇಕು. ಅಂದರೆ ಪಾಸ್‌ಬುಕ್ಕು.

ಚಿಕ್ಕಮ್ಮನ ಮನೆಗೆ ಕೊನೆಗೂ ಕಂಬ ಬಂತು. ಗಾಳಿಮಳೆಗೆ ಮರ ಬಿದ್ದು ಲೈನು ಹೋದರೆ ಮೂರು ದಿನ ಇಲ್ಲ, ಹಾಗಾಗಿ ಸೋಲಾರ್ ಇನ್ನೂ ಉಂಟು. ಬ್ಯಾಟರಿ ಮೂರು ಸಲ ಬದಲಾಗಿದೆ. ಹಳೆಯದ್ದನ್ನು ಅಂಗಡಿಯವರೇ ಸೀಸದ ಬೆಲೆ ಹಿಡಿದು ವಾಪಸ್ ತೆಗೆದುಕೊಂಡಿದ್ದಾರೆ. ದೀಪಗಳು ಎಲ್‌ಇಡಿ ಆಗಿವೆ. ಪ್ಯಾನೆಲ್ ಮಾತ್ರ ಅದೇ. ತಿಂಗಳಿಗೊಮ್ಮೆ ಉದ್ದದ ಕೋಲಿಗೆ ಬಟ್ಟೆ ಸುತ್ತಿ, ಹಂಚಿನ ಮೇಲಿನ ಹಲಸಿನ ಎಲೆ ಸರಿಸಿ ಒರೆಸುವುದು ಈಗ ಸೊಸೆಯ ಕೆಲಸ.